ಫೋಟೋ ಮೇಲೆ ಒಂದು ಸಹಿ, ಸ್ಟಾಲ್ ಹಿಂದೆ ಇಬ್ಬರು

ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಗಾಡಿಗಳು ಕಾಣಲ್ಲ. ಅವತ್ತು ಅಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. 2024ರಲ್ಲಿ ಅದು 21ನೇ ಸಲ ನಡೆಯಿತು. ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಗುಂಪು ಕಟ್ಟಿಕೊಂಡು ಹೋಗ್ತೀವಿ, ಒಂದಷ್ಟು ರೀಲ್ಸ್ ಮಾಡ್ತೀವಿ, ಚುರುಮುರಿ ತಿಂತೀವಿ, ಜೇಬಿಗೆ ಎಟುಕಿದರೆ ಒಂದು ಪುಟ್ಟ ಚಿತ್ರ ತಗೊಂಡು ಹಾಸ್ಟೆಲ್ ಗೋಡೆಗೆ ಅಂಟಿಸ್ತೀವಿ.

ಚಿತ್ರಸಂತೆಯಲ್ಲಿ ಪೇಂಟಿಂಗ್‌ಗಳದ್ದೇ ರಾಜ್ಯಭಾರ. ಫೋಟೋ ಪ್ರಿಂಟ್ ಮಾರುವವರು ನಮಗೆ ಹೆಚ್ಚಾಗಿ ಸಿಗೋದು ಊರಿನ ಬೇರೆ ಬೇರೆ ಕಡೆ ವಾರಾಂತ್ಯದಲ್ಲಿ ನಡೆಯೋ ಕರಕುಶಲ ಮೇಳ, ಫ್ಲೀ ಮಾರ್ಕೆಟ್, ಕಾಲೇಜ್ ಫೆಸ್ಟ್‌ಗಳಲ್ಲಿ. ಈ ಫೋಟೋ ಸ್ಟಾಲ್‌ಗಳನ್ನು ಸ್ವಲ್ಪ ಗಮನ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತೆ. ಎಷ್ಟೋ ಕಡೆ ಸ್ಟಾಲ್ ನಡೆಸೋದು ಗಂಡ-ಹೆಂಡತಿ. ಆದರೆ ಬ್ಯಾನರ್ ಮೇಲೆ ಇರೋದು ಒಂದೇ ಹೆಸರು, ಪ್ರಿಂಟ್ ಕೆಳಗೆ ಇರೋದು ಒಂದೇ ಸಹಿ, ವಿಸಿಟಿಂಗ್ ಕಾರ್ಡ್‌ನಲ್ಲೂ ಅದೇ ಒಂದು ಹೆಸರು. ಇನ್ನೊಬ್ಬರ ಹೆಸರು ಎಲ್ಲಿದೆ? ಕೆಲವು ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಫೋನ್‌ನಲ್ಲಿ ಬರುತ್ತೆ, ಅಷ್ಟೆ. ಎಷ್ಟೋ ಸಲ ಅಲ್ಲೂ ಬರಲ್ಲ.

ನಾವು ಹೇಳಬೇಕು ಅಂತಿರೋದು ಇಷ್ಟೇ: ಸಹಿ ಒಬ್ಬರದೇ ಇರಲಿ, ಪರವಾಗಿಲ್ಲ. ಆದರೆ ಅಂಗಡಿ ಇಬ್ಬರದು. ಹೆಸರಿನಲ್ಲಿ, ಬೆಲೆಯಲ್ಲಿ, ಬ್ಯಾಂಕ್ ಖಾತೆಯಲ್ಲಿ ಅದು ಕಾಣಬೇಕು.

ಸ್ಟಾಲ್‌ಗೆ ಎರಡನೇ ಮನುಷ್ಯ ಯಾಕೆ ಬೇಕು?

ಹೊರಗಿನಿಂದ ನೋಡಿದರೆ ಸ್ಟಾಲ್ ಅಂದ್ರೆ ಒಂದು ಮೇಜು, ಎರಡು ಕುರ್ಚಿ, ಹಿಂದೆ ಒಂದು ಜಾಲರಿ, ಅದಕ್ಕೆ ನೇತುಹಾಕಿದ ಫೋಟೋಗಳು. ಒಳಗಿನ ಕೆಲಸ ಬೇರೆಯೇ ಇದೆ. ಗಾಜು ಹಾಕಿದ ಫ್ರೇಮ್ ಭಾರ, ದಾರಿಯಲ್ಲಿ ಒಡೆಯುತ್ತೆ. ಅದಕ್ಕೆ ಹೆಚ್ಚಿನವರು ಪ್ರಿಂಟ್‌ಗೆ ದಪ್ಪ ರಟ್ಟಿನ ಮೌಂಟ್ ಹಾಕಿ, ಪಾರದರ್ಶಕ ಕವರಿನಲ್ಲಿಟ್ಟು ಮಾರ್ತಾರೆ. ಒಂದೊಂದಕ್ಕೂ ಮೌಂಟ್ ಕತ್ತರಿಸಬೇಕು, ಧೂಳು ಒರೆಸಬೇಕು, ಹಿಂದೆ ಎಲ್ಲಿ ತೆಗೆದ ಫೋಟೋ ಅಂತ ಚೀಟಿ ಅಂಟಿಸಬೇಕು. ಮೇಳದ ದಿನ ಬಿಸಿಲು ಯಾವ ಕಡೆಯಿಂದ ಬರುತ್ತೆ ಅಂತ ನೋಡಿಕೊಂಡು ಜೋಡಿಸಬೇಕು, ಯಾಕಂದ್ರೆ ಅಗ್ಗದ ಇಂಕಿನ ಪ್ರಿಂಟ್ ಬಿಸಿಲಿಗೆ ಬೇಗ ಬಣ್ಣ ಬಿಡುತ್ತೆ. ಗಾಳಿಗೆ ಜಾಲರಿ ಬೀಳದಂತೆ ಕಾಲಿಗೆ ನೀರಿನ ಕ್ಯಾನ್ ಕಟ್ಟಬೇಕು. ಮಳೆ ಬಂದರೆ ಎರಡು ನಿಮಿಷದಲ್ಲಿ ಎಲ್ಲ ಮುಚ್ಚಬೇಕು.

ಇದೆಲ್ಲ ಆದಮೇಲೆ ನಿಲ್ಲಬೇಕು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ. ಒಬ್ಬರೇ ಇದ್ದರೆ ಊಟಕ್ಕೆ ಹೋಗೋಕಾಗಲ್ಲ, ಟಾಯ್ಲೆಟ್‌ಗೂ ಹೋಗೋಕಾಗಲ್ಲ. ಒಬ್ಬ ಗಿರಾಕಿ ಕಬಿನಿಯ ಆನೆ ಫೋಟೋ ಬಗ್ಗೆ ಇಪ್ಪತ್ತು ನಿಮಿಷ ಮಾತಾಡ್ತಾ ನಿಂತರೆ, ಪಕ್ಕದಲ್ಲಿ ಐವತ್ತು ರೂಪಾಯಿಯ ಪೋಸ್ಟ್‌ಕಾರ್ಡ್ ಹಿಡಿದುಕೊಂಡು ನಿಂತವರು ವಾಪಸ್ ಇಟ್ಟು ಹೋಗ್ತಾರೆ. ಅವರನ್ನು ಮಾತಾಡಿಸಿ, ದುಡ್ಡು ತಗೊಂಡು, ಕವರ್‌ಗೆ ಹಾಕಿಕೊಡೋಕೆ ಇನ್ನೊಬ್ಬರು ಬೇಕೇ ಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸ ಇದೆ, ಅದು ಯಾರ ಕಣ್ಣಿಗೂ ಬೀಳಲ್ಲ. ತೆಗೆದ ಸಾವಿರ ಫೋಟೋಗಳಲ್ಲಿ ಯಾವ ಮೂವತ್ತನ್ನು ಪ್ರಿಂಟ್ ಹಾಕಿಸೋದು ಅಂತ ತೀರ್ಮಾನ ಮಾಡೋದು. ಫೋಟೋ ತೆಗೆದವರಿಗೆ ತಾವು ಚಳಿಯಲ್ಲಿ ನಾಲ್ಕು ಗಂಟೆ ಕಾದು ತೆಗೆದದ್ದೇ ಇಷ್ಟ. ಗಿರಾಕಿಗೆ ಆ ನಾಲ್ಕು ಗಂಟೆ ಕಾಣಲ್ಲ, ತನ್ನ ಮನೆ ಸೋಫಾ ಮೇಲಿನ ಗೋಡೆಗೆ ಹೊಂದುತ್ತಾ ಅಂತ ನೋಡ್ತಾನೆ. ಹಂಪಿಯ ಕಲ್ಲಿನ ರಥದ ಮುಂದೆ ಎಷ್ಟು ಜನ ನಿಲ್ತಾರೆ, ಆಗುಂಬೆಯ ಮಳೆ ಫೋಟೋ ಮುಂದೆ ಎಷ್ಟು ಜನ ನಿಲ್ತಾರೆ, ಯಾರು ಎತ್ತಿಕೊಂಡು ನೋಡಿ ವಾಪಸ್ ಇಟ್ಟರು, ಇಡುವಾಗ ಏನಂದರು ಅನ್ನೋದು ಇಡೀ ದಿನ ಮೇಜಿನ ಹಿಂದೆ ನಿಂತವರಿಗೆ ಗೊತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಫೀಡ್‌ಬ್ಯಾಕ್ ಲೂಪ್. ಮುಂದಿನ ಸಲ ಯಾವ ಜಾಗಕ್ಕೆ ಹೋಗಬೇಕು, ಯಾವ ಅಳತೆಯಲ್ಲಿ ಪ್ರಿಂಟ್ ಹಾಕಿಸಬೇಕು ಅನ್ನೋದು ಅಲ್ಲಿಂದಲೇ ಬರುತ್ತೆ. ಅಂದ್ರೆ ಆ ಎರಡನೇ ವ್ಯಕ್ತಿ ಬರೀ ಮಾರೋದಲ್ಲ, ಒಂದು ರೀತಿಯಲ್ಲಿ ಆ ಫೋಟೋಗಳ ಸಂಪಾದಕರೂ ಹೌದು.

ಲೆಕ್ಕ ಹಾಕಿ ನೋಡಿದ್ವಿ

ಇಂಜಿನಿಯರಿಂಗ್ ಓದೋರು ತಾನೇ, ಒಂದು ಲೆಕ್ಕ ಹಾಕೋಣ ಅಂತ ಕೂತ್ವಿ. ಇದು ನಾವೇ ಊಹಿಸಿಕೊಂಡ ಎರಡು ದಿನದ ಮೇಳ. ಅಂಕಿಗಳನ್ನು ನೀವು ಬೇಕಾದರೆ ಬದಲಿಸಿಕೊಳ್ಳಿ.

60 ಪ್ರಿಂಟ್ ಮಾಡಿಸಿದ್ರು, ಪ್ರಿಂಟ್, ಮೌಂಟ್, ಕವರ್ ಎಲ್ಲ ಸೇರಿ ಒಂದಕ್ಕೆ 220 ರೂಪಾಯಿ. ಅಲ್ಲಿಗೆ 13,200. ಸ್ಟಾಲ್ ಬಾಡಿಗೆ 4,000, ಗಾಡಿ ಬಾಡಿಗೆ 1,800, ಊಟ-ತಿಂಡಿ 500. ಒಟ್ಟು ಖರ್ಚು 19,500. ಒಂದಕ್ಕೆ 600ರಂತೆ 40 ಪ್ರಿಂಟ್ ಹೋಯ್ತು ಅಂತಿಟ್ಟುಕೊಳ್ಳಿ. ಬಂದದ್ದು 24,000. ಕೈಯಲ್ಲಿ ಉಳಿದದ್ದು 4,500, ಜೊತೆಗೆ ಮಾರದೆ ಉಳಿದ 20 ಪ್ರಿಂಟ್.

ತಯಾರಿಗೆ ಎರಡು ದಿನ, ಮೇಳಕ್ಕೆ ಎರಡು ದಿನ, ಒಟ್ಟು ನಾಲ್ಕು ದಿನ. ಬ್ಯಾನರ್ ಮೇಲೆ ಹೆಸರಿರುವ ಒಬ್ಬರನ್ನೇ ಲೆಕ್ಕಕ್ಕೆ ಹಿಡಿದರೆ ದಿನಕ್ಕೆ 1,125 ರೂಪಾಯಿ ಸಿಕ್ಕಿತು. ಪರವಾಗಿಲ್ಲ, ನಡೆಸಬಹುದು ಅನ್ನಿಸುತ್ತೆ. ಆದರೆ ಕೆಲಸ ಮಾಡಿದ್ದು ಇಬ್ಬರು. ನಾಲ್ಕು ದಿನ ಅಲ್ಲ, ಎಂಟು ಆಳಿನ ದಿನ. ಆಗ ತಲೆಗೆ ದಿನಕ್ಕೆ 562 ರೂಪಾಯಿ ಚಿಲ್ಲರೆ. ಫೋಟೋ ತೆಗೆಯೋಕೆ ಕಾಡಿಗೋ ಕೋಟೆಗೋ ಹೋದ ದಿನಗಳನ್ನು, ಕ್ಯಾಮೆರಾದ ಬೆಲೆಯನ್ನು ನಾವು ಸೇರಿಸೇ ಇಲ್ಲ.

ಒಬ್ಬರ ಕೆಲಸವನ್ನು ಲೆಕ್ಕದಿಂದ ಕೈಬಿಟ್ಟ ತಕ್ಷಣ ನಷ್ಟದ ಹತ್ತಿರ ಇರುವ ವ್ಯಾಪಾರವೂ ಲಾಭದ್ದು ಅಂತ ಕಾಣುತ್ತೆ. ‘ಇಷ್ಟಕ್ಕೇ ಮಾರಿದರೂ ಗಿಟ್ಟುತ್ತೆ’ ಅಂತ ಬೆಲೆ ಇಳಿಸ್ತಾರೆ. ಪಕ್ಕದ ಸ್ಟಾಲ್‌ನಲ್ಲಿ ಸಹಾಯಕ್ಕೆ ಸಂಬಳ ಕೊಟ್ಟು ಆಳು ಇಟ್ಟುಕೊಂಡವರು ಆ ಬೆಲೆಗೆ ಮಾರೋಕೆ ಆಗದೆ ಒದ್ದಾಡ್ತಾರೆ. ಕೊನೆಗೆ ಫೋಟೋ ಪ್ರಿಂಟ್‌ನ ಬೆಲೆಯೇ ಮೇಳದಿಂದ ಮೇಳಕ್ಕೆ ಕುಸಿಯುತ್ತೆ. ಅಂದ್ರೆ ಇದು ಒಂದು ಮನೆಯ ಒಳಗಿನ ವಿಷಯ ಮಾತ್ರ ಅಲ್ಲ.

‘ಹೆಲ್ಪ್ ಮಾಡ್ತಿದ್ದೀರಾ?’

ಒಂದು ಮೇಳದಲ್ಲಿ ನಾವು ನೋಡಿದ್ದು ಹೇಳ್ತೀವಿ. ಸುಮಾರು ನಲವತ್ತು ವರ್ಷದ ದಂಪತಿ. ಹಕ್ಕಿಗಳ ಫೋಟೋ ಇಟ್ಟಿದ್ದರು. ಬಂದವರೆಲ್ಲ ಆತನನ್ನೇ ಕೇಳ್ತಿದ್ದರು, “ಸರ್, ಯಾವ ಕ್ಯಾಮೆರಾ? ಯಾವ ಲೆನ್ಸ್?” ಆಕೆಯನ್ನು ಕೇಳ್ತಿದ್ದದ್ದು, “ಮೇಡಂ, ಎಷ್ಟು? ಸ್ವಲ್ಪ ಕಡಿಮೆ ಮಾಡ್ಕೊಳ್ಳಿ.” ಆತ ಪ್ರತಿ ಸಲವೂ ನಗುತ್ತಾ, “ಅವರನ್ನ ಕೇಳಿ, ತೆಗೆದಿರೋದು ಅವರು” ಅಂತ ಹೆಂಡತಿ ಕಡೆ ಕೈ ತೋರಿಸ್ತಿದ್ದರು. ಆಗ ಒಬ್ಬರು ಹಿರಿಯರು ಆತನಿಗೆ, “ಓ, ನೀವು ಹೆಲ್ಪ್ ಮಾಡ್ತಿದ್ದೀರಾ?” ಅಂದರು. ಪ್ರಿಂಟ್ ಹಾಕಿಸಿ, ಮೌಂಟ್ ಕತ್ತರಿಸಿ, ಗಾಡಿ ಓಡಿಸಿ, ಬೆಳಗಿನಿಂದ ನಿಂತಿದ್ದ ಮನುಷ್ಯ ಒಂದು ಕ್ಷಣದಲ್ಲಿ ‘ಹೆಲ್ಪ್’ ಆಗಿಬಿಟ್ಟ.

ಈ ಮಾತಿಗೆ ಸರ್ಕಾರದ ಕಾಗದದಲ್ಲೂ ಜಾಗ ಇದೆ. ಉದ್ಯೋಗದ ಬಗ್ಗೆ ನಮ್ಮ ದೇಶದಲ್ಲಿ ನಡೆಯೋ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲಿ ಸ್ವಂತ ಕೆಲಸ ಮಾಡುವವರಲ್ಲಿ ಒಂದು ಪ್ರತ್ಯೇಕ ವರ್ಗ ಇದೆ: ಮನೆಯ ಉದ್ಯಮದಲ್ಲಿ ಸಹಾಯಕರು. ಪೂರ್ತಿ ಹೊತ್ತೋ ಅರ್ಧ ಹೊತ್ತೋ ದುಡಿಯುತ್ತಾರೆ, ಆದರೆ ಅದಕ್ಕೆ ಸಂಬಳ ಇಲ್ಲ. ಕನಿಷ್ಠ ಅಲ್ಲಿ ಅವರನ್ನು ಕೆಲಸಗಾರರು ಅಂತ ಎಣಿಸುತ್ತಾರೆ. ಮೇಳದಲ್ಲಿ ಅದೂ ಇಲ್ಲ.

ಕಾನೂನು ಏನನ್ನುತ್ತೆ?

ಇಲ್ಲಿ ಎರಡು ಕಾಯ್ದೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅಂದ್ರೆ ಅದನ್ನು ತೆಗೆದ ವ್ಯಕ್ತಿ. ಹಾಗಾಗಿ ಸಹಿ ಒಬ್ಬರದೇ ಇರೋದರಲ್ಲಿ ತಪ್ಪಿಲ್ಲ.

ಇನ್ನೊಂದು 1932ರ ಪಾಲುದಾರಿಕೆ ಕಾಯ್ದೆ. ಪಾಲುದಾರರ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ-ನಷ್ಟ ಸಮಪಾಲು ಅಂತ ಅದು ಹೇಳುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತೂ ಹೇಳುತ್ತೆ: ಪಾಲುದಾರಿಕೆ ಹುಟ್ಟೋದು ಒಪ್ಪಂದದಿಂದ, ಸಂಬಂಧದಿಂದಲ್ಲ. ಅಂದ್ರೆ ತಾಳಿ ಕಟ್ಟಿದ ಮಾತ್ರಕ್ಕೆ, ಒಂದೇ ಸ್ಟಾಲ್‌ನಲ್ಲಿ ಕೂತ ಮಾತ್ರಕ್ಕೆ ಯಾರೂ ಪಾಲುದಾರರಾಗಲ್ಲ. ‘ಇದು ನಮ್ಮಿಬ್ಬರ ವ್ಯಾಪಾರ’ ಅಂತ ಇಬ್ಬರೂ ಒಪ್ಪಿಕೊಂಡಿರಬೇಕು. ಬಾಯಿಮಾತಿನ ಒಪ್ಪಂದವೂ ನಡೆಯುತ್ತೆ, ಆದರೆ ನಾಳೆ ಜಗಳ ಬಂದಾಗ ಬಾಯಿಮಾತನ್ನು ಸಾಬೀತು ಮಾಡೋರು ಯಾರು?

ಹೆಸರು ಉಳಿದ ಜೋಡಿ, ಉಳಿಯದ ಜೋಡಿ

ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಯ ಫೋಟೋಗಳನ್ನು ನೀವು ಒಮ್ಮೆ ಹುಡುಕಿ ನೋಡಿ. ಮೆಕ್ಯಾನಿಕಲ್, ಸಿವಿಲ್‌ನವರಿಗೆ ಖಂಡಿತ ಇಷ್ಟ ಆಗುತ್ತೆ. ನೀರಿನ ಟ್ಯಾಂಕ್, ಕೂಲಿಂಗ್ ಟವರ್, ಬ್ಲಾಸ್ಟ್ ಫರ್ನೇಸ್ ಇಂಥವನ್ನೇ ದಶಕಗಳ ಕಾಲ ಕಪ್ಪು-ಬಿಳುಪಿನಲ್ಲಿ ತೆಗೆದರು, ಸಾಲು ಸಾಲಾಗಿ ಜೋಡಿಸಿ ತೋರಿಸಿದರು. ಕ್ಲಿಕ್ ಮಾಡಿದ್ದು ಯಾರು ಅಂತ ಬೇರೆ ಮಾಡದೆ ಎಲ್ಲವೂ ಇಬ್ಬರ ಹೆಸರಿನಲ್ಲೇ ಬಂದವು. 1990ರ ವೆನಿಸ್ ಬಿನಾಲೆಯಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಬಂದಾಗಲೂ ಅದು ಇಬ್ಬರದು. ಅದೂ ಶಿಲ್ಪ ವಿಭಾಗದಲ್ಲಿ!

ಇನ್ನೊಂದು ಅಮೆರಿಕದ ಕಥೆ. ಅನ್ಸೆಲ್ ಆಡಮ್ಸ್ ಹೆಸರು ನಮ್ಮ ಫೋಟೋಗ್ರಫಿ ಕ್ಲಬ್‌ನವರಿಗೆಲ್ಲ ಗೊತ್ತು. ಅವರ ಹೆಂಡತಿ ವರ್ಜೀನಿಯಾ ಬೆಸ್ಟ್ ಹೆಸರು? ಯೊಸೆಮಿಟಿ ಕಣಿವೆಯಲ್ಲಿ ವರ್ಜೀನಿಯಾ ತಂದೆಯದ್ದು ‘ಬೆಸ್ಟ್ಸ್ ಸ್ಟುಡಿಯೋ’ ಅನ್ನೋ ಅಂಗಡಿ ಇತ್ತು. 1936ರಲ್ಲಿ ತಂದೆ ತೀರಿಕೊಂಡ ಮೇಲೆ ಅದು ಮಗಳ ಕೈಗೆ ಬಂತು. ಪ್ರವಾಸಿಗರು ಬಂದು ಹೋಗೋ ಆ ಜಾಗದಲ್ಲಿ ಅಂಗಡಿ ನೋಡಿಕೊಂಡವರು ಅವರು. ಅನ್ಸೆಲ್ ಅವರ ಯೊಸೆಮಿಟಿ ಫೋಟೋಗಳು ಅಲ್ಲಿ ಮಾರಾಟ ಆಗ್ತಿದ್ದವು. ಇವತ್ತೂ ಆ ಅಂಗಡಿ ಇದೆ, ಹೆಸರು ‘ಅನ್ಸೆಲ್ ಆಡಮ್ಸ್ ಗ್ಯಾಲರಿ’. ಅಂಗಡಿ ಹೆಂಡತಿಯ ತವರಿನದು, ಬೋರ್ಡ್ ಗಂಡನದು.

ಅನ್ಸೆಲ್ ಆಡಮ್ಸ್ ದೊಡ್ಡ ಛಾಯಾಗ್ರಾಹಕ ಅಲ್ಲ ಅಂತ ನಾವು ಹೇಳ್ತಿಲ್ಲ. ದೊಡ್ಡ ಹೆಸರಿರುವ ಕಡೆಯೂ ಅಂಗಡಿ ನಡೆಸಿದವರ ಹೆಸರು ಹೇಗೆ ಕರಗಿ ಹೋಗುತ್ತೆ ಅಂತ ತೋರಿಸ್ತಿದ್ದೀವಿ.

‘ಗಂಡ-ಹೆಂಡತಿ ನಡುವೆ ಎಂಥ ಲೆಕ್ಕ?’

ಇದನ್ನು ಬರೆಯೋ ಮುಂಚೆ ನಮ್ಮ ಗುಂಪಿನಲ್ಲೇ ಜೋರು ಚರ್ಚೆ ಆಯ್ತು. ಒಬ್ಬಳು ಕೇಳಿದಳು, “ದುಡ್ಡು ಬರೋದು ಒಂದೇ ಮನೆಗೆ ತಾನೆ? ನನ್ನ ಅಪ್ಪ-ಅಮ್ಮ ಹೀಗೆ ಪಾಲು ಬರೆದುಕೊಂಡು ಕೂತರೆ ನನಗೇ ಬೇಜಾರಾಗುತ್ತೆ.” ಈ ಮಾತನ್ನು ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯೋ ಮನೆ ಯಾರಿಗೂ ಬೇಡ. ಜೊತೆಗೆ ಹೋಗೋದು, ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಳ್ಳೋದು, ಸಂಜೆ ಕೊನೆ ಪ್ರಿಂಟ್ ಮಾರಿದಾಗ ಇಬ್ಬರೂ ಖುಷಿ ಪಡೋದು, ಇದಕ್ಕೋಸ್ಕರವೇ ಎಷ್ಟೋ ಜೋಡಿಗಳು ಮೇಳಕ್ಕೆ ಬರ್ತಾರೆ.

ಆದರೆ ಲೆಕ್ಕ ಬೇಡ ಅನ್ನೋ ಮನೆಗಳಲ್ಲಿ ಲೆಕ್ಕ ಇರಲ್ಲ ಅಂತಲ್ಲ. ಖಾತೆ ಯಾರದೋ ಒಬ್ಬರ ಹೆಸರಲ್ಲಿ ಇದ್ದೇ ಇರುತ್ತೆ. ಸಾಲಕ್ಕೆ ಅರ್ಜಿ ಹಾಕಿದಾಗ ಆದಾಯ ತೋರಿಸೋದು ಆ ಒಬ್ಬರಿಗೇ. ‘ಅನುಭವ ಏನಿದೆ’ ಅಂತ ಯಾರಾದರೂ ಕೇಳಿದರೆ ಹತ್ತು ವರ್ಷ ಸ್ಟಾಲ್ ನಡೆಸಿದ ಇನ್ನೊಬ್ಬರ ಹತ್ತಿರ ತೋರಿಸೋಕೆ ಒಂದು ಕಾಗದ ಇಲ್ಲ. ಚೆನ್ನಾಗಿರುವಾಗ ಇದು ಯಾವುದೂ ಬೇಕಾಗಲ್ಲ, ನಿಜ. ಒಬ್ಬರು ಹಾಸಿಗೆ ಹಿಡಿದಾಗ, ಒಬ್ಬರು ಇಲ್ಲದಾದಾಗ ಬೇಕಾಗುತ್ತೆ. ಪ್ರೀತಿ ಕಡಿಮೆ ಅಂತ ಬರೆದಿಡೋದಲ್ಲ, ಕಷ್ಟಕಾಲಕ್ಕೆ ಇರಲಿ ಅಂತ ಬರೆದಿಡೋದು.

ಏನು ಮಾಡಬಹುದು?

ಸ್ಟಾಲ್ ನಡೆಸೋ ಜೋಡಿಗಳಿಗೆ ಬುದ್ಧಿ ಹೇಳುವಷ್ಟು ದೊಡ್ಡವರು ನಾವಲ್ಲ. ಆದರೂ ಒಂದು ಹಾಳೆಯಲ್ಲಿ ಯಾರ ಪಾಲು ಎಷ್ಟು ಅಂತ ಬರೆದು ಇಬ್ಬರೂ ಸಹಿ ಹಾಕೋಕೆ ಹತ್ತು ನಿಮಿಷ ಸಾಕು. ಬೆಲೆ ಕಟ್ಟುವಾಗ ಇಬ್ಬರ ದಿನಗೂಲಿಯನ್ನೂ ಸೇರಿಸಿ. ಬ್ಯಾನರ್ ಮೇಲೆ ‘ಛಾಯಾಗ್ರಹಣ’ ಅಂತ ಒಂದು ಹೆಸರು, ‘ಆಯ್ಕೆ, ಮುದ್ರಣ, ಮಾರಾಟ’ ಅಂತ ಇನ್ನೊಂದು ಹೆಸರು ಹಾಕಿದರೆ ಜಾಗ ಏನೂ ಹೆಚ್ಚಾಗಲ್ಲ. ಮೇಳ ನಡೆಸೋರು ಅರ್ಜಿಯಲ್ಲಿ ಎರಡು ಹೆಸರಿಗೆ ಜಾಗ ಬಿಟ್ಟು, ಇಬ್ಬರಿಗೂ ಹೆಸರಿರುವ ಬ್ಯಾಡ್ಜ್ ಕೊಡಬಹುದು.

ಗಿರಾಕಿಗಳಾದ ನಮ್ಮ ಪಾಲಿನದು ಇನ್ನೂ ಸುಲಭ. ‘ಪ್ರಿಂಟ್ ಹಾಕಿಸೋಕೆ ಎಷ್ಟಾಗುತ್ತೆ ಗೊತ್ತು’ ಅಂತ ಚೌಕಾಸಿ ಮಾಡೋದು ಬಿಡೋಣ. ನಮಗೆ ಗೊತ್ತಿರೋದು ಕಾಗದದ ಬೆಲೆ, ನಿಂತವರ ಬೆಲೆ ಅಲ್ಲ. ದುಡ್ಡಿಲ್ಲದಿದ್ದರೆ ಪೋಸ್ಟ್‌ಕಾರ್ಡ್ ತಗೊಳ್ಳೋಣ, ಅದೂ ಬೇಡವಾದರೆ ನೋಡಿ ಚೆನ್ನಾಗಿದೆ ಅಂತ ಹೇಳಿ ಬರೋಣ. ಮಾರೋಕಿಟ್ಟ ಫೋಟೋದ ಫೋಟೋ ಮೊಬೈಲ್‌ನಲ್ಲಿ ಹೊಡೆದುಕೊಂಡು ವಾಲ್‌ಪೇಪರ್ ಮಾಡೋದು ಬೇಡ.

ಇನ್ನು ನಮ್ಮ ಕಾಲೇಜಿನ ವಿಷಯ. ಫೆಸ್ಟ್‌ನಲ್ಲಿ ಫೋಟೋಗ್ರಫಿ ಕ್ಲಬ್ ಪ್ರತಿ ವರ್ಷ ಪ್ರಿಂಟ್ ಮಾರುತ್ತೆ. ಪ್ರಿಂಟ್ ಕೆಳಗೆ ತೆಗೆದವರ ಹೆಸರು, ಬ್ಯಾಚ್, ಇನ್‌ಸ್ಟಾಗ್ರಾಂ ಐಡಿ ಎಲ್ಲ ಇರುತ್ತೆ. ರಾತ್ರಿಯಿಡೀ ಮೌಂಟ್ ಅಂಟಿಸಿದ ಜೂನಿಯರ್‌ಗಳ ಹೆಸರು, ಮೂರು ದಿನ ಬಿಸಿಲಲ್ಲಿ ಟೇಬಲ್ ಹಿಂದೆ ಕೂತವರ ಹೆಸರು ಎಲ್ಲೂ ಇರಲ್ಲ. ಈ ಸಲದ ಫೆಸ್ಟ್‌ಗೆ ಸ್ಟಾಲ್‌ನ ಮುಂದೆ ಒಂದು ಎ3 ಹಾಳೆ ಹಾಕೋಣ: ತೆಗೆದವರು, ಆರಿಸಿದವರು, ಅಂಟಿಸಿದವರು, ಮಾರಿದವರು. ಕನ್ನಡದಲ್ಲಿ ಬರೆದು ವಿನ್ಯಾಸ ಮಾಡಿಕೊಡೋ ಕೆಲಸ ನಮ್ಮ ಸಂಘದ್ದು. ಫೋಟೋಗ್ರಫಿ ಕ್ಲಬ್‌ನ ಗೆಳೆಯರೇ, ಹೆಸರುಗಳ ಪಟ್ಟಿ ಕಳಿಸಿಕೊಡಿ.