ಕಾವಿಲ್ಲದ ಕುದಿತ

‘ನಮ್ಮ ಧರ್ಮಕೇಂದ್ರದಲ್ಲಿ ಭಕ್ತಿ ಕುದಿಯುತ್ತಿದೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ಆಗಾಗ ಕಾಣುತ್ತೇವೆ. ಹಬ್ಬದ ತೇರು ಕಳೆದ ವರ್ಷಕ್ಕಿಂತ ಎತ್ತರವಾಯಿತು, ಧ್ಯಾನಕೂಟದ ಧ್ವನಿವರ್ಧಕ ಊರಾಚೆಗೂ ಕೇಳಿಸಿತು ಎಂಬುದೇ ಅವರ ಸಾಕ್ಷ್ಯ. ಆದರೆ ಕುದಿಯುವುದೆಲ್ಲವೂ ಮತ್ತೊಬ್ಬರನ್ನು ಬೆಚ್ಚಗಾಗಿಸುತ್ತದೆಯೇ? ಧರ್ಮಸಭೆಯ ಹಳೆಯ ಭಾಷೆಯಾದ ಲತೀನಿನಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಲತೀನಿನಲ್ಲಿ ಬಿಸಿಗೆ ಹೆಸರು ಒಂದಲ್ಲ. ‘ಕಲೊರ್’ ಎಂದರೆ ಶಾಖ. ಆಹಾರದ ಶಕ್ತಿಯನ್ನು ಅಳೆಯುವ ಕ್ಯಾಲೊರಿ ಅದರ ಸಂತಾನ. ‘ತೆಪೊರ್’ ಉಗುರುಬೆಚ್ಚಗಿನ ಸ್ಥಿತಿ, ‘ಫೆರ್ವೊರ್’ ಕುದಿತ, ‘ಆರ್ದೊರ್’ ಉರಿ. ವುಲ್ಗೇಟ್ ಎಂಬ ಲತೀನ್ ಬೈಬಲಿನಲ್ಲಿ ಈ ಬಳಗವೆಲ್ಲ ನೆಲೆಸಿದೆ. ಪ್ರಕಟನಾ ಗ್ರಂಥದ 3ನೆಯ ಅಧ್ಯಾಯದಲ್ಲಿ ಪ್ರಭುವಿನ ಖಂಡನೆಗೆ ಗುರಿಯಾದ ಲವೊದಿಕೀಯದ ಸಭೆ ‘ತೆಪಿದುಸ್’. ಎಮ್ಮಾವುವಿನ ಹಾದಿಯಲ್ಲಿ ಶಿಷ್ಯರ ಹೃದಯ ‘ಆರ್ದೆನ್ಸ್’. ರೋಮನರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಸಂತ ಪೌಲರು ಬಯಸುವುದು ಕುದಿಯುವ ಆತ್ಮವನ್ನೇ.

‘ಪೌಲರೇ ಬಯಸಿದ ಮೇಲೆ ನಿಮ್ಮ ಆಕ್ಷೇಪವೇನು?’ ಎಂದು ಕೇಳಬಹುದು. ನನ್ನ ಆಕ್ಷೇಪ ಕುದಿತದ ಮೇಲಲ್ಲ. ಯಾರ ತಟ್ಟೆಗೂ ಬೀಳದೆ ಒಲೆಯ ಮೇಲೆಯೇ ಆವಿಯಾಗಿ ಹೋಗುವ ಕುದಿತದ ಮೇಲೆ. ಕುದಿಯಿರಿ ಎಂದ ಪೌಲರು ಎರಡೇ ವಚನಗಳ ನಂತರ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಿ, ಅತಿಥಿಗಳನ್ನು ಸತ್ಕರಿಸಿ ಎನ್ನುತ್ತಾರೆ. ಮೊದಲ ಮಾತನ್ನು ಹಿಡಿದು ಎರಡನೆಯದನ್ನು ಬಿಟ್ಟವರು ನಾವು.

‘ಕಲೆಫಾಚೆರೆ’, ಅಂದರೆ ಬೆಚ್ಚಗಾಗಿಸು, ಎಂಬ ಕ್ರಿಯಾಪದವನ್ನೇ ನೋಡಿ. ಯೋವಾನ್ನರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ, ಮಹಾಯಾಜಕನ ಅಂಗಳದ ಬೆಂಕಿಗೆ ಪೇತ್ರ ಮೈಕಾಯಿಸಿಕೊಳ್ಳುವಾಗ ಬರುವುದು ಈ ಪದ. ಮೈ ಬೆಚ್ಚಗಿತ್ತು, ಬಾಯಿ ಪ್ರಭುವಿನ ಶಿಷ್ಯನೇ ಅಲ್ಲವೆಂದಿತು. ಯಕೋಬರ ಪತ್ರದ 2ನೆಯ ಅಧ್ಯಾಯದಲ್ಲಿ, ಬಟ್ಟೆಯಿಲ್ಲದ ಸೋದರನಿಗೆ ಬೆಚ್ಚಗಿರು ಎಂದು ಹರಸಿ ಬರಿಗೈಯಲ್ಲಿ ಕಳುಹಿಸುವವನ ಬಾಯಲ್ಲೂ ಇದೇ ಪದ. ತಾನು ಮಾತ್ರ ಮೈಕಾಯಿಸಿಕೊಳ್ಳುವುದು, ಪರರಿಗೆ ಮಾತಿನ ಶಾಖವನ್ನಷ್ಟೇ ನೀಡುವುದು: ನಮ್ಮ ರೋಗವೂ ಇದೇ ಅಲ್ಲವೇ?

ಇದಕ್ಕೆ ಮದ್ದು ‘ಫೊವೇರೆ’ ಎಂಬ ಇನ್ನೊಂದು ಪದದಲ್ಲಿದೆ. ಕೋಳಿ ಮೊಟ್ಟೆಗೆ ಕೊಡುವಂಥ ಕಾವು ಅದು. ಅದರಲ್ಲಿ ಸದ್ದಿಲ್ಲ, ಹೊಗೆಯಿಲ್ಲ, ಆದರೆ ಜೀವವಿದೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಮಕ್ಕಳನ್ನು ಪೋಷಿಸುವ ತಾಯಿಯಂತೆ ತಾವಿದ್ದೆವೆಂದು ಪೌಲರು ಹೇಳುವಾಗ ಲತೀನ್ ಬಳಸುವುದು ಈ ಪದವನ್ನು. ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಕ್ರಿಸ್ತರು ಧರ್ಮಸಭೆಯನ್ನು ಸಲಹುವ ಬಗೆಗೂ ಇದೇ ಪದ. ಪೆಂತೆಕೋಸ್ತ ಹಬ್ಬದ ಲತೀನ್ ಗೀತೆಯಲ್ಲಿ ನಮ್ಮೊಳಗಿನ ಶೀತಕ್ಕಾಗಿ ಪವಿತ್ರಾತ್ಮರಲ್ಲಿ ಬೇಡುವುದೂ ಈ ಕಾವನ್ನೇ.

ಲತೀನ್ ಬಲಿಪೂಜೆಯನ್ನು ಮರಳಿ ತನ್ನಿ ಎಂದು ನಾನು ವಾದಿಸುತ್ತಿಲ್ಲ; ಕನ್ನಡದಲ್ಲಿ ಬೇಡುವ ಭಾಗ್ಯ ನಮ್ಮದಾಗಿಯೇ ಇರಲಿ. ಆದರೆ ಆ ಪದಗಳು ಕಲಿಸುವ ವಿವೇಕವನ್ನು ನಾವು ಕಳೆದುಕೊಳ್ಳಬಾರದು. ಹಬ್ಬದ ಜಮಾಖರ್ಚು ಓದುವ ದಿನವೇ ಇನ್ನೊಂದು ಪಟ್ಟಿಯನ್ನೂ ಓದೋಣ. ಹಾಸಿಗೆ ಹಿಡಿದವರು ಎಷ್ಟು ಮಂದಿ, ಒಂಟಿಯಾಗಿರುವ ವೃದ್ಧರು ಯಾರು, ಕಳೆದ ತಿಂಗಳು ಅವರ ಬಾಗಿಲು ತಟ್ಟಿದವರು ಯಾರು? ಆ ಪಟ್ಟಿಯನ್ನು ಓದಲು ನಾಚಿಕೆಯಾದರೆ, ನಮ್ಮ ಭಕ್ತಿ ಎಷ್ಟೇ ಕುದಿಯಲಿ, ಲವೊದಿಕೀಯ ದೂರದ ಊರಲ್ಲ, ನಾವಿರುವುದೇ ಅಲ್ಲಿ.