ಇಪ್ಪತ್ತೈದು ನಿಮಿಷದ ದಾರಿಗೆ ಒಂದು ಗಂಟೆ

ಮೈಸೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿ ದಾಟಿ ಸಂಪಾಜೆ ಘಟ್ಟ ಇಳಿಯುವ ದಾರಿ ಅದು. ಮಂಡಕಳ್ಳಿ ಮತ್ತು ಬಜ್ಪೆ ವಿಮಾನ ನಿಲ್ದಾಣಗಳ ನಡುವೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 208 ಕಿ.ಮೀ. ಮಾತ್ರ.

2020ರ ಡಿಸೆಂಬರಿನಲ್ಲಿ ಈ ಎರಡು ಊರುಗಳ ನಡುವೆ ಅಲಯನ್ಸ್ ಏರ್ ಸಂಸ್ಥೆಯ ಎಟಿಆರ್ ವಿಮಾನ ಹಾರತೊಡಗಿತು. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ ಉತ್ತರ 25 ನಿಮಿಷ. ವೇಳಾಪಟ್ಟಿಯಲ್ಲಿದ್ದದ್ದು ಸುಮಾರು ಒಂದು ಗಂಟೆ. ಉಳಿದ ಹೊತ್ತು ಎಲ್ಲಿ ಹೋಯಿತು?

ವಿಮಾನ ನಿಂತ ಜಾಗದಿಂದ ಕದಲಿದಾಗ ವೇಳಾಪಟ್ಟಿಯ ಲೆಕ್ಕ ಶುರು; ಆಚೆ ಹೋಗಿ ನಿಂತಾಗ ಮುಕ್ತಾಯ. ಮೊದಲು ರನ್‌ವೇ ತುದಿಗೆ ಸಾಗಬೇಕು. ಏರುವಾಗಲೂ ಇಳಿಯುವಾಗಲೂ ಪೂರ್ಣ ವೇಗ ಇರುವುದಿಲ್ಲ. ಕೊನೆಗೆ ರನ್‌ವೇಯ ನೇರಕ್ಕೆ ಬರಲು ಸುತ್ತು ಹಾಕಬೇಕು. ದೂರ ಚಿಕ್ಕದಾದಷ್ಟೂ ಈ ಬಾಬ್ತುಗಳ ಪಾಲು ದೊಡ್ಡದು.

ಗಾವಡಗೆರೆಯವರ ಲೆಕ್ಕವೇ ಬೇರೆ. ಮಂಗಳೂರು ಇರುವುದು ಪಶ್ಚಿಮಕ್ಕೆ. ವಿಮಾನ ಹತ್ತಬೇಕೆಂದರೆ ಹುಣಸೂರಿನಿಂದ ಸುಮಾರು 45 ಕಿ.ಮೀ. ಪೂರ್ವಕ್ಕೆ, ಮೈಸೂರಿಗೆ ಬರಬೇಕಿತ್ತು. ಮಂಡಕಳ್ಳಿ ತಲುಪಿ, ತಪಾಸಣೆ ಮುಗಿಸಿ ಕಾದು, ಹಾರಿ, ಬಜ್ಪೆಯಿಂದ ಪೇಟೆ ಸೇರುವಷ್ಟರಲ್ಲಿ ಹುಣಸೂರಿನಲ್ಲೇ ಬಸ್ಸು ಹತ್ತಿದವರು ಘಟ್ಟ ಇಳಿದಿರುತ್ತಿದ್ದರು. ಟಿಕೆಟ್ಟಿನ ದುಡ್ಡೂ ಉಳಿದಿರುತ್ತಿತ್ತು.

ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಅಂಥ ಮಳೆಗಾಲದಲ್ಲಿ, ಮೋಡ ಎಡೆಗೊಟ್ಟರೆ, ಆ ಒಂದು ಗಂಟೆಯ ಹಾರಾಟ ದುಬಾರಿ ಎನಿಸುತ್ತಿರಲಿಲ್ಲ.