ಔಷಧಿ ಹೊಡೆದವರು ಯಾರು?

ರಾಮನಗರ ಸೀಮೆಯ ಬೈರಾಪಟ್ಟಣದ ಸುತ್ತಮುತ್ತ ಹುಳು ಮನೆಯಲ್ಲಿ ರೇಷ್ಮೆ ಹುಳು ಮೇಯುತ್ತಿರುವಾಗ ಪಕ್ಕದ ಹೊಲದವರು ಔಷಧಿ ಡಬ್ಬ ಬೆನ್ನಿಗೇರಿಸಿದರೆ ಜಗಳ ಗ್ಯಾರಂಟಿ. ಗಾಳಿ ಈ ಕಡೆ ತಿರುಗಿತೋ, ಹಿಪ್ಪುನೇರಳೆ ಸೊಪ್ಪು ಕೆಟ್ಟ ಹಾಗೇ. ಪೊರೆ ಕಳಚುವ ಮೂರು ಜ್ವರ ದಾಟಿ ಬಂದ ಹುಳು ಬೆಳಗಾಗುವಷ್ಟರಲ್ಲಿ ತಟ್ಟೆಯ ತುಂಬ ಸತ್ತು ಬಿದ್ದದ್ದನ್ನು ಕಂಡವರಿಗೆ, ಔಷಧಿ ಹೊಡೆದ ಮೇಲೆ ಎಷ್ಟು ದಿನ ಸೊಪ್ಪು ಮುಟ್ಟಬಾರದು ಎಂದು ಯಾವ ಅಧಿಕಾರಿಯೂ ಬಂದು ಹೇಳಬೇಕಿಲ್ಲ.

ಅದೇ ರೈತರ ಮಾವಿನ ತೋಪಿಗೆ ಹೋಗಿ, ಈ ವರ್ಷ ಎಷ್ಟು ಸಲ ಹೊಡೆದಿರಿ ಎಂದು ಕೇಳಿ. ‘ಅದು ತೋಟ ತಗೊಂಡೋರಿಗೆ ಗೊತ್ತು ಸಾ’ ಎಂಬ ಉತ್ತರ ಬರಬಹುದು. ಹೂವಿನಲ್ಲೋ ಹೀಚಿನಲ್ಲೋ ಫಸಲನ್ನು ವ್ಯಾಪಾರಿಗೆ ಬಿಟ್ಟುಕೊಡುವುದು ಇಲ್ಲಿನ ಹಳೆಯ ವಾಡಿಕೆ. ಜಿಗಿಹುಳುವಿಗೆ, ಬೂದಿ ರೋಗಕ್ಕೆ ಹೊಡೆಸುವವರು ಅವರು, ಕೀಳಿಸುವವರೂ ಅವರೇ. ಪಹಣಿಯಲ್ಲಿ ಹೆಸರಿರುವವರಿಗೆ ಡಬ್ಬದಲ್ಲಿ ಏನಿತ್ತೆಂಬುದೇ ತಿಳಿಯದು.

‘ಉತ್ತಮ ಕೃಷಿ ಪದ್ಧತಿ’ (ಗ್ಯಾಪ್) ಪ್ರಮಾಣಪತ್ರದ ಮಾತು ಬಂದಾಗಲೆಲ್ಲ ನನಗೆ ತೊಡಕೆನಿಸುವುದು ಇದೇ. ಯುರೋಪಿನ ಚಿಲ್ಲರೆ ಮಾರಾಟಗಾರರು 1997ರಲ್ಲಿ ಯುರೆಪ್‌ಗ್ಯಾಪ್ ಎಂದು ಆರಂಭಿಸಿದ ನಿಯಮಾವಳಿ 2007ರಲ್ಲಿ ಗ್ಲೋಬಲ್‌ಗ್ಯಾಪ್ ಆಯಿತು. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ 2010ರಲ್ಲಿ ಇಂಡ್‌ಗ್ಯಾಪ್ ಮಾನಕ ತಂದಿತು. ಭಾರತೀಯ ಗುಣಮಟ್ಟ ಮಂಡಳಿಯ ಪ್ರಮಾಣೀಕರಣ ಯೋಜನೆಯೂ ಇದೆ. ಈ ಪದ್ಧತಿ ಸಾವಯವವಲ್ಲ, ರಾಸಾಯನಿಕ ಬಳಸಲು ಅಡ್ಡಿಯಿಲ್ಲ. ಆದರೆ ಯಾವ ಔಷಧಿ, ಎಷ್ಟು, ಯಾವ ದಿನ, ಹೊಡೆದವರು ಯಾರು, ಕೊಯ್ದದ್ದು ಯಾವಾಗ – ಎಲ್ಲವೂ ಬರಹದಲ್ಲಿರಬೇಕು. ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ. ಸಣ್ಣ ಹಿಡುವಳಿಯವರು ಗುಂಪಾಗಿ ಸೇರಬಹುದು. ಗ್ಲೋಬಲ್‌ಗ್ಯಾಪ್‌ನಲ್ಲಿ ನೂರು ಮಂದಿಯ ಗುಂಪಾದರೆ ಹೊರಗಿನ ಪರಿಶೀಲಕರು ಕಡೇಪಕ್ಷ ಹತ್ತು ತೋಟ ನೋಡುತ್ತಾರೆ. ಉಳಿದವರನ್ನು ಗುಂಪೇ ಕಾಯಬೇಕು. ಒಬ್ಬರ ಎಡವಟ್ಟು ನೂರು ಮಂದಿಯ ಪತ್ರಕ್ಕೂ ಕುತ್ತು ತರಬಹುದು.

ಇದೆಲ್ಲ ನಮಗೇಕೆ ಎನ್ನುವವರು 2014ನ್ನು ನೆನೆಯಬೇಕು. ಹಣ್ಣಿನೊಳಗೆ ಹಣ್ಣು ನೊಣದ ಹುಳು ಸಿಕ್ಕಿತೆಂದು ಐರೋಪ್ಯ ಒಕ್ಕೂಟ ಆ ಮೇ ತಿಂಗಳಿಂದ ಭಾರತದ ಮಾವನ್ನೇ ನಿಲ್ಲಿಸಿತು. ಬಾಗಿಲು ತೆರೆದದ್ದು 2015ರಲ್ಲಿ. ಆ ಹಣ್ಣು ನೊಣವನ್ನು ನಮ್ಮ ಕಡೆ ಊಜಿ ಎನ್ನುವುದೂ ಉಂಟು. ರೇಷ್ಮೆ ಹುಳುವಿನ ಊಜಿಯೇ ಬೇರೆ ಜಾತಿ. ಕಾಟ ಒಂದೇ ಆದ್ದರಿಂದ ಜನ ಹೆಸರು ಹಂಚಿಬಿಟ್ಟಿದ್ದಾರೆ. ಹುಳು ಮನೆಯ ಕಿಟಕಿಗೆ ಜಾಲರಿ ಕಟ್ಟುವವರು ಮಾವಿನ ಮರಕ್ಕೆ ಮೋಹಕ ಬಲೆ ತೂಗಿಸಲು ಏಕೆ ಹಿಂಜರಿಯುತ್ತಾರೆ? ಹುಳು ತಮ್ಮದು, ಫಸಲು ಬೇರೆಯವರದು.

ಹಾಗೆಂದು ಸೋಮಾರಿತನ ಎಂದು ರೈತರನ್ನು ದೂರುವುದು ಅನ್ಯಾಯ. ರಾಮನಗರ ಸೀಮೆಯ ಬಾದಾಮಿ, ಸೇಂದೂರ ರಾಜ್ಯದ ಮಾರುಕಟ್ಟೆಗೆ ಮೊದಲು ಬರುವ ಹಣ್ಣುಗಳು. ಬೇಗ ಬಂದರೆ ಬೆಲೆ. ಆ ಅವಸರದಲ್ಲಿ ಬಲಿಯುವ ಮೊದಲೇ ಕೀಳುವುದೂ ಇದೆ, ನಿಷೇಧವಿದ್ದರೂ ಕಾರ್ಬೈಡ್ ಪುಡಿಗೆ ಕೈ ಹಾಕುವವರೂ ಇದ್ದಾರೆ. ಪುಸ್ತಕ ಬರೆದಿಟ್ಟ ತೋಟದ ಹಣ್ಣಿಗೆ ಮಂಡಿಯವರು ಕಿಲೋಗೆ ಒಂದು ರೂಪಾಯಿ ಹೆಚ್ಚು ಕೊಡುತ್ತಾರೆಯೇ? ಕೊಡದಿದ್ದಲ್ಲಿ ಪರಿಶೀಲನೆಯ ಶುಲ್ಕ, ಪ್ರಯೋಗಾಲಯದ ಖರ್ಚು ತೋಪಿನ ಯಜಮಾನರ ತಲೆಗೇಕೆ?

ಆದ್ದರಿಂದ ತರಬೇತಿ ಶಿಬಿರಕ್ಕೆ ಪಹಣಿದಾರರನ್ನಷ್ಟೇ ಕರೆದು ಊಟ ಹಾಕಿ ಕಳಿಸುವುದು ಸಾಲದು. ತೋಟ ಹಿಡಿಯುವ ವ್ಯಾಪಾರಿಗಳನ್ನು, ದಿನಗೂಲಿಗೆ ಔಷಧಿ ಹೊಡೆಯುವ ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಪರಿಶೀಲನೆಯ ಖರ್ಚನ್ನು ಲಾಭ ಎಣಿಸುವ ರಫ್ತುದಾರರು ಹೊರಲಿ. ಪ್ರಮಾಣಪತ್ರ ಆಮೇಲಿನ ಮಾತು. ಮೊದಲು ಫಸಲಿನ ಕರಾರಿನಲ್ಲೇ ಒಂದು ಷರತ್ತು ಸೇರಲಿ: ಹೊಡೆದ ಪ್ರತಿ ಔಷಧಿಯ ಹೆಸರು, ತಾರೀಕು ತೋಪಿನ ಯಜಮಾನರ ಕೈಗೆ ಬರೆದುಕೊಡಬೇಕು, ಕೊಡದಿದ್ದರೆ ಹಣ್ಣು ಕೀಳುವಂತಿಲ್ಲ. ಅಡ್ವಾನ್ಸ್ ಕೊಟ್ಟಾಗ ಬರೆಸಿಕೊಳ್ಳುವ ಚೀಟಿಯ ಹಿಂಬದಿ ಹೇಗೂ ಖಾಲಿಯೇ ಇರುತ್ತದೆ.